ಸಾಗಣೆ ಮತ್ತು ಅದರ ಒಡನಾಡಿ ಪದಗಳು

‘ಸಾಗಣೆ’ಗೆ ಸಮಾನಾರ್ಥಕ ಪದಗಳನ್ನು ಕೇಳಿದರೆ ಸಾಗಾಟ, ಸಾಗಾಣಿಕೆ, ರವಾನೆ, ಸಾರಿಗೆ ಎಂಬ ಉತ್ತರ ಸಾಲಾಗಿ ಬರುತ್ತದೆ. ಸರಕು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು ಎಂಬಷ್ಟೇ ಅರ್ಥವನ್ನು ಇಟ್ಟುಕೊಂಡರೆ ಇವೆಲ್ಲವೂ ಒಂದೇ ಹೌದು. ಬಳಕೆಯಲ್ಲಿ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಸರಕು ದಾರಿಯ ಯಾವ ಹಂತದಲ್ಲಿದೆ, ಅದನ್ನು ನೋಡುತ್ತಿರುವವರು ಯಾರು, ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬುದಕ್ಕೆ ತಕ್ಕಂತೆ ಕನ್ನಡಿಗರು ಪದವನ್ನು ಆರಿಸಿಕೊಳ್ಳುತ್ತಾರೆ.

ಇವುಗಳಲ್ಲಿ ಮೂರಕ್ಕೆ ಮೂಲ ‘ಸಾಗು’ ಎಂಬ ಧಾತು. ತಾನೇ ಮುಂದೆ ಹೋದರೆ ಸಾಗುವುದು, ಇನ್ನೊಂದನ್ನು ಮುಂದೆ ಹೋಗುವಂತೆ ಮಾಡಿದರೆ ಸಾಗಿಸುವುದು. ಒಯ್ಯುವುದಕ್ಕೂ ತರುವುದಕ್ಕೂ ಮಾತನಾಡುವವನು ಎಲ್ಲಿ ನಿಂತಿದ್ದಾನೆ ಎಂಬುದು ಮುಖ್ಯ. ಸಾಗಿಸುವುದಕ್ಕೆ ಆ ಕಟ್ಟಿಲ್ಲವಾದ್ದರಿಂದ ವ್ಯಾಪಾರಕ್ಕೆ ಅದೇ ಒಗ್ಗಿತು ಎಂದು ನನಗೆ ತೋರುತ್ತದೆ. ಆದರೆ ಈ ಕ್ರಿಯಾಪದ ಲಾರಿಗಷ್ಟೇ ಸೀಮಿತವಲ್ಲ. ಸಂಸಾರವನ್ನು ಸಾಗಿಸುತ್ತೇವೆ, ಕಷ್ಟದಲ್ಲಿ ದಿನ ಸಾಗಿಸುತ್ತೇವೆ, ಬೇಡದ ನೆಂಟನನ್ನೂ ಖರ್ಚಾಗದ ಹಳೆಯ ದಾಸ್ತಾನನ್ನೂ ಸಾಗಹಾಕುತ್ತೇವೆ. ಅಂಗಡಿಯ ಹುಡುಗ ಗೋದಾಮಿನಿಂದ ನಾಲ್ಕು ಚೀಲ ‘ಸಾಗಿಸಿಬಿಟ್ಟ’ ಎಂದರೆ ಅವನು ಬಾಡಿಗೆ ಕೇಳುವವನಲ್ಲ ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಸಾಗಣೆ ಮತ್ತು ಸಾಗಾಟಗಳ ನಡುವಿನ ಅಂತರ ಪ್ರತ್ಯಯದಲ್ಲಿದೆ. ಓಡಾಟ, ಅಲೆದಾಟ, ತಿರುಗಾಟಗಳಲ್ಲಿ ಇರುವಂತೆ ‘ಆಟ’ ಸೇರಿದಾಗ ಮತ್ತೆ ಮತ್ತೆ ನಡೆಯುವ, ಕಣ್ಣೆದುರಿಗೆ ಕಾಣುವ ಚಟುವಟಿಕೆಯ ಛಾಯೆ ಬರುತ್ತದೆ. ಸಾಗಣೆಯಲ್ಲಿ ಆ ಗದ್ದಲವಿಲ್ಲ, ಅದೊಂದು ವ್ಯವಸ್ಥೆಯ ಹೆಸರು. ಹೀಗಾಗಿಯೇ ‘ಸರಕು ಸಾಗಣೆ ವಾಹನ’ ಎಂಬುದು ಸರ್ಕಾರಿ ಭಾಷೆಗೆ ಹೊಂದುತ್ತದೆ, ‘ಅಕ್ರಮ ಮರಳು ಸಾಗಾಟ’ ಎಂಬುದು ಪತ್ರಿಕೆಯ ಅಪರಾಧ ವರದಿಗೆ ಹೊಂದುತ್ತದೆ. ವಿಚಿತ್ರವೆಂದರೆ ‘ಕಳ್ಳ’ ಎಂಬ ಪದ ಮುಂದೆ ಬಂದೊಡನೆ ಸಾಗಣೆಯೇ ಗೆಲ್ಲುತ್ತದೆ: ಚಿನ್ನದ ಕಳ್ಳಸಾಗಣೆ, ಮಾನವ ಕಳ್ಳಸಾಗಣೆ. ಇದಕ್ಕೆ ವ್ಯಾಕರಣದ ಕಾರಣವನ್ನು ಹುಡುಕುವುದು ವ್ಯರ್ಥ, ರೂಢಿಯೇ ಕಾರಣ.

ಸಾಗಾಣಿಕೆಯ ತೂಕವನ್ನು ಅರಿಯಬೇಕಾದರೆ ಕಬ್ಬಿನ ಸೀಮೆಗೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಬೆಳೆಗಾರರ ಬಾಯಲ್ಲಿ ಇದು ಒಂಟಿಯಾಗಿ ಬರುವುದೇ ಅಪರೂಪ. ‘ಕಟಾವು ಮತ್ತು ಸಾಗಾಣಿಕೆ’ ಎಂಬ ಜೋಡಿಯಾಗಿಯೇ ಬರುತ್ತದೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಘೋಷಿಸುವ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿಗೆ ಅನ್ವಯಿಸುವಂಥದ್ದು. ಕಬ್ಬು ಕಡಿಯುವ ಗ್ಯಾಂಗನ್ನೂ ಟ್ರ್ಯಾಕ್ಟರನ್ನೂ ಸಾಮಾನ್ಯವಾಗಿ ಕಾರ್ಖಾನೆಯೇ ಗೊತ್ತುಮಾಡಿ, ಆ ವೆಚ್ಚವನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಆದ್ದರಿಂದ ಟನ್ನಿಗೆ ಇಷ್ಟು ರೂಪಾಯಿ ಎಂದು ಯಾರಾದರೂ ಹೇಳಿದೊಡನೆ ಅಲ್ಲಿನವರು ಕೇಳುವ ಮೊದಲ ಪ್ರಶ್ನೆ, ಅದು ಕಟಾವು–ಸಾಗಾಣಿಕೆ ಸೇರಿಸಿಯೋ ಹೊರತುಪಡಿಸಿಯೋ ಎಂಬುದು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೊಡಬೇಕೆಂದು ರೈತರು ಧರಣಿ ಕೂತಾಗಲೂ ಮಾತುಕತೆಯಲ್ಲಿ ಈ ಪದಗಳ ಜೋಡಿ ಮರಳಿ ಮರಳಿ ಕೇಳಿಸಿತು. ಇಲ್ಲಿ ಸಾಗಾಣಿಕೆ ಎಂದರೆ ಚಲನೆಯಲ್ಲ, ಬಿಲ್ಲಿನಲ್ಲಿ ಕಳೆಯುವ ಒಂದು ಮೊತ್ತ.

ರವಾನೆ ಪಾರ್ಸಿಯಿಂದ ಬಂದದ್ದು. ಹೊರಟದ್ದು, ಹೊರಡುವುದು ಎಂಬುದೇ ಅದರ ಮೂಲ ಅರ್ಥ. ಕಳುಹಿಸುವವನ ಕಡೆಯಿಂದ ನೋಡಿದ ಮಾತು ಇದು. ಸರಕು ಗೋದಾಮಿನ ಬಾಗಿಲು ದಾಟಿದರೆ ರವಾನೆಯಾಯಿತು, ಅದು ತಲುಪಿತೋ ಇಲ್ಲವೋ ಎಂಬುದು ಬೇರೆ ವಿಷಯ. ದಾರಿಯ ಇನ್ನೊಂದು ತುದಿಯಲ್ಲಿ ನಿಂತವರಿಗೆ ‘ಆವಕ’ ಇದೆ. ಎಪಿಎಂಸಿಯಲ್ಲಿ ಈರುಳ್ಳಿಯ ಆವಕ ಹೆಚ್ಚಿದರೆ ಬೆಲೆ ಇಳಿಯುತ್ತದೆ. ಸರ್ಕಾರಿ ಕಚೇರಿಯ ಆವಕ–ಜಾವಕ ವಹಿಯಲ್ಲಿ ಟಪಾಲು ಬರುತ್ತದೆ, ಹೋಗುತ್ತದೆ. ನಡುವಿನ ದೂರಕ್ಕೆ ಮಾತ್ರ ಸಾಗಣೆ ಎಂಬ ಹೆಸರು.

ಸಾರಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ದೆಸೆಯಿಂದ ಆ ಪದದೊಳಗೆ ಬಸ್ಸೂ ಪ್ರಯಾಣಿಕರೂ ಗಟ್ಟಿಯಾಗಿ ಕುಳಿತುಬಿಟ್ಟಿದ್ದಾರೆ. ಅದೇ ನಿಗಮ 2021ರಲ್ಲಿ ಬಸ್ಸುಗಳಲ್ಲಿ ಸರಕು ಒಯ್ಯುವ ಸೇವೆಯನ್ನು ಆರಂಭಿಸಿದಾಗ ಅದಕ್ಕೆ ‘ನಮ್ಮ ಕಾರ್ಗೋ’ ಎಂದು ಹೆಸರಿಟ್ಟಿತು. ಸಾಗಣೆ ಎಂಬ ಸಿದ್ಧಪದ ಮನೆಯಲ್ಲೇ ಇದ್ದಾಗ ಅದನ್ನು ಬಿಟ್ಟದ್ದು ನನಗೆ ಸರಿಕಾಣಲಿಲ್ಲ.

ನಾನು ತಡೆದು ನಿಲ್ಲಬಯಸುವುದು ‘ಹೇರು’ ಎಂಬ ಪದದ ಬಳಿ. ಹಳಗನ್ನಡದ ‘ಪೇರು’, ಪಕಾರ ಹಕಾರವಾಗಿ ಹೇರು ಆಯಿತು; ಹೊರೆಯೂ ಹಾಗೆಯೇ ಪೊರೆಯಿಂದ ಬಂದದ್ದು. ಹೊರೆ ಮನುಷ್ಯನ ತಲೆಯ ಮೇಲೂ ಇರಬಹುದು, ಹೇರು ಮುಖ್ಯವಾಗಿ ಎತ್ತು, ಕತ್ತೆ, ಕೋಣಗಳ ಬೆನ್ನಿನದು. ಗಾಡಿದಾರಿ ಇಲ್ಲದ ಕಾಲದಲ್ಲಿ ಅಳತೆಯೂ ತೆರಿಗೆಯೂ ಹೇರಿನ ಲೆಕ್ಕದಲ್ಲಿ ನಡೆಯುತ್ತಿದ್ದವು. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳ ಕಾಲದ ಶಾಸನಗಳಲ್ಲಿ ಎಲೆ, ಅಡಿಕೆ, ಧಾನ್ಯಗಳ ಹೇರಿಗೆ ಇಷ್ಟೆಂದು ದೇವಾಲಯಕ್ಕೆ ಬಿಟ್ಟ ದತ್ತಿಗಳಿವೆ. ಹಿರಿದಾದ ಸುಂಕ ಎಂಬ ಅರ್ಥದ ‘ಹೆಜ್ಜುಂಕ’ವನ್ನು ವಸೂಲು ಮಾಡುವ ಅಧಿಕಾರಿಗಳೂ ಇದ್ದರು. ಮುಂದೆ ಲಂಬಾಣಿಗರ ಹೇರೆತ್ತುಗಳು ಉಪ್ಪನ್ನೂ ದವಸವನ್ನೂ ದೇಶದುದ್ದಕ್ಕೂ ಹೊತ್ತವು. 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ದವಸಕ್ಕಾಗಿ ನೆಚ್ಚಿಕೊಂಡಿದ್ದು ಇಂತಹ ಬಂಜಾರರನ್ನೇ. ಎತ್ತುಗಳೊಡನೆ ನಡೆಯುತ್ತಿದ್ದ ಆ ತಂಡದ ಹೆಸರು ತಾಂಡ. ಈಗ ಅದು ಒಂದೆಡೆ ನೆಲೆನಿಂತ ಊರಿನ ಹೆಸರು.

ಹೇರಿನ ಜಾಗಕ್ಕೆ ಲೋಡು ಬಂದು ಬಹಳ ಕಾಲವಾಯಿತು. ಒಂದು ಹೇರು ಉಪ್ಪು ಎನ್ನುತ್ತಿದ್ದಲ್ಲಿ ಒಂದು ಲೋಡು ಮರಳು ಎನ್ನುತ್ತೇವೆ, ಅದನ್ನು ಏರಿಸಿ ಇಳಿಸುವವರಿಗೆ ಕೊಡುವ ಹಮಾಲಿಯನ್ನು ಬೇರೆ ಬರೆಯುತ್ತೇವೆ. ಆದರೂ ‘ಹೇರು’ ಕ್ರಿಯಾಪದವಾಗಿ ಉಳಿದುಕೊಂಡಿದೆ, ಅದೂ ಮೊದಲಿಗಿಂತ ಚುರುಕಾಗಿ. ತೆರಿಗೆ ಹೇರುತ್ತಾರೆ, ನಿರ್ಬಂಧ ಹೇರುತ್ತಾರೆ, 1975ರಲ್ಲಿ ತುರ್ತು ಪರಿಸ್ಥಿತಿಯನ್ನು ಹೇರಿದರು, ಹಿಂದಿ ಹೇರಿಕೆಯ ವಿರುದ್ಧ ಈಗಲೂ ಪ್ರತಿಭಟನೆಗಳು ನಡೆಯುತ್ತವೆ. ‘ವಿಧಿಸು’ ಎಂಬ ತಣ್ಣನೆಯ ಪದವಿದ್ದರೂ ಜನ ಹೇರು ಎನ್ನುವುದು, ಹೊರುವವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ ಎಂಬುದು ಅದರಲ್ಲಿ ತಾನಾಗಿ ಅಡಗಿರುವುದರಿಂದ. ಎತ್ತಿನ ಬೆನ್ನು ಬಿಟ್ಟ ಮೇಲೆ ಈ ಪದಕ್ಕೆ ಸಿಕ್ಕಿದ ಹೊಸ ಕೆಲಸ ಇದೇ.