ಸ್ಕೈ ಮೀಟರ್ ಲಾಗ್: ಡಬ್ಬಿಯೊಳಗಿನ ಕಳ್ಳ ಬೆಳಕು ಕೊನೆಗೂ ಸಿಕ್ತು

ಮೂರು ವಾರ ತಲೆ ತಿಂದಿದ್ದು ನಿನ್ನೆ ರಾತ್ರಿ ಬಗೆಹರೀತು, ಖುಷಿಗೆ ನಿದ್ದೆ ಬರ್ತಿಲ್ಲ, ಅದಕ್ಕೆ ಈಗ್ಲೇ ಬರೀತಿದೀನಿ. ಸ್ಕೈ ಮೀಟರ್ ಅಂದ್ರೆ ರಾತ್ರಿ ಆಕಾಶ ಎಷ್ಟು ಬೆಳಗಿದೆ ಅಂತ ಅಳೆಯೋ ಸಾಧನ, ಅಂಕೆ ದೊಡ್ಡದಾದಷ್ಟೂ ಆಕಾಶ ಕತ್ತಲು. ಇದನ್ನ ನಾನೇ ಮನೇಲಿ ಮಾಡ್ಕೊಂಡಿದ್ದು, ಸೋಲ್ಡರಿಂಗ್, ಕೋಡ್, ಡಬ್ಬಿ ಪ್ರಿಂಟ್ ಎಲ್ಲಾ. ಸೆನ್ಸರ್ ಟಿಎಸ್‌ಎಲ್ 237, ಬೆಳಕು ಜಾಸ್ತಿ ಆದಷ್ಟೂ ಬೇಗ ಬೇಗ ಪಲ್ಸ್ ಕೊಡತ್ತೆ, ಅದನ್ನ ಎಣಿಸೋಕೆ ಜೊತೆಗೊಂದು ನ್ಯಾನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಅಷ್ಟೇ.

ಸಮಸ್ಯೆ ಏನಂದ್ರೆ ಗೆಳೆಯನ ರೆಡಿಮೇಡ್ ಮೀಟರ್ 19.7 ಅಂದ್ರೆ ನಂದು 19.1 ಅಂತಿತ್ತು. ಮೊದಲು ಫಿಲ್ಟರ್ ಮೇಲೆ ಅನುಮಾನ ಬಂತು, ಯಾಕಂದ್ರೆ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ತಡೆಯೋ ಗಾಜು ಕೇಳಿದ್ರೆ ಸಪ್ಲೈಯರ್ ಇನ್‌ಫ್ರಾರೆಡ್ ಮಾತ್ರ ಬಿಡೋ ಕಪ್ಪು ಗಾಜು ಕಳಿಸಿದ್ದ, ವಾಪಸ್ ಮಾಡಿದ್ರೆ ಎರಡನೇ ಸಲಾನೂ ಅದೇ! ಪಾರ್ಸಲ್ ಬಂದ ತಕ್ಷಣ ಗಾಜನ್ನ ಫೋನ್ ಕ್ಯಾಮೆರಾ ಮುಂದೆ ಹಿಡಿದು ಟಿವಿ ರಿಮೋಟ್ ಒತ್ತಿ ನೋಡಿ, ರಿಮೋಟಿನ ಬೆಳಕು ಕಂಡ್ರೆ ತಪ್ಪು ಗಾಜು. ಮೂರನೇದು ಸರಿಯಾಗಿ ಬಂತು, ಆದ್ರೂ ರೀಡಿಂಗ್ ಸರಿಹೋಗ್ಲಿಲ್ಲ.

ಆಮೇಲೆ ಮುಚ್ಚಳ ಹಾಕಿ ಬೀರು ಒಳಗಿಟ್ಟೆ. ಗವ್ವೆನ್ನೋ ಕತ್ತಲಲ್ಲೂ 20.1! ಬಿಸಿಗೆ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ರೂ ಸೆನ್ಸರಲ್ಲಿ ಹರಿಯೋ ಸಣ್ಣ ಕರೆಂಟ್) ಜಾಸ್ತಿ ಆಗಿರ್ಬೇಕು ಅಂತ ಫ್ರಿಜ್ಜಲ್ಲಿಟ್ಟೆ, ಒಂಚೂರೂ ಬದಲಾಗ್ಲಿಲ್ಲ. ಸಂದುಗಳಿಗೆಲ್ಲ ಟೇಪ್ ಹಚ್ಚಿದೆ, ಊಹೂಂ.

ಕೊನೆಗೆ ರೂಮಿನ ದೀಪ ಆರಿಸಿ, ಕಣ್ಣು ಕತ್ತಲಿಗೆ ಒಗ್ಗಲಿ ಅಂತ ಅರ್ಧ ಗಂಟೆ ಸುಮ್ನೆ ಕೂತು, ಡಬ್ಬಿ ಬಿಚ್ಚಿ ನೋಡಿದೆ. ಬೋರ್ಡಿನ ಅಂಚು ಕೆಂಡದ ಗೆರೆ ಥರ ಸಣ್ಣಗೆ ಹೊಳೀತಿದೆ! ನ್ಯಾನೋದ ಪವರ್ ಎಲ್‌ಇಡಿ ನೇರ ಸಪ್ಲೈಗೇ ಕೂತಿರತ್ತೆ, ಕೋಡಲ್ಲಿ ಆರಿಸೋಕಾಗಲ್ಲ, ಅದರ ಬೆಳಕು ಫೈಬರ್‌ಗ್ಲಾಸ್ ಬೋರ್ಡಿನೊಳಗೇ ಹರ್ಕೊಂಡು ಹೋಗಿ ಸೆನ್ಸರ್ ಬೆನ್ನಿಗೆ ಬೀಳ್ತಿತ್ತು. ಸೆನ್ಸರ್ ಮೈ ಪೂರ್ತಿ ಪಾರದರ್ಶಕ, ಹಿಂದಿನಿಂದ ಬಂದಿದ್ದನ್ನೂ ಎಣಿಸತ್ತೆ. ಎಲ್‌ಇಡಿ ಕಿತ್ತು ಹಾಕಿ, ಸೆನ್ಸರ್ ಬೆನ್ನಿಗೆ ಅಲ್ಯೂಮಿನಿಯಂ ಟೇಪ್ ಹಚ್ಚಿದೆ, ಕಾಲುಗಳು ಶಾರ್ಟ್ ಆಗದಂಗೆ ಮೊದಲು ಬಿಸಿಗೆ ಕುಗ್ಗೋ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಹೀಟ್‌ಶ್ರಿಂಕ್ ಹಾಕಿ. ಈಗ ಬೀರು ಒಳಗೆ ಒಂದು ಪಲ್ಸಿಗೆ ಕಾದೂ ಕಾದೂ ಕೋಡೇ ಟೈಮ್‌ಔಟ್ ಆಗತ್ತೆ, ಅಂದ್ರೆ ಒಳಗೆ ಕಳ್ಳ ಬೆಳಕೇ ಇಲ್ಲ, ಅದೆಷ್ಟು ಚೆನ್ನಾಗಿದೆ ಗೊತ್ತಾ!

   

ನಿನ್ನೆ ಚಂದ್ರ ಇರ್ಲಿಲ್ಲ. ಟೆರೇಸಲ್ಲಿ ಮೀಟರ್ ನೆತ್ತಿಗೆ ತಿರುಗಿಸಿಟ್ಟೆ, 19.7, ಗೆಳೆಯನ ಮೀಟರಿಗೆ ಸರಿಸಮ. ಹತ್ತೂವರೆಗೆ ಎದುರಿನ ಮೈದಾನದ ಫ್ಲಡ್‌ಲೈಟ್ ಆರಿದ್ವು, ಗ್ರಾಫ್ ಒಂದೇ ಮೆಟ್ಟಿಲಲ್ಲಿ 20.0ಗೆ ಹೋಯ್ತು. ಈ ಅಳತೇಲಿ 0.3 ಏರಿದ್ರೆ ಬೆಳಕು ಸುಮಾರು ಕಾಲು ಭಾಗ ಕಮ್ಮಿ ಆದಂಗೆ. ಮೀಟರ್ ಕೊಳವೆಯೊಳಗಿದೆ, ದೀಪ ನೇರವಾಗಿ ಕಾಣೋದೇ ಇಲ್ಲ, ಅಂದ್ರೆ ನೆತ್ತಿ ಮೇಲಿನ ಆಕಾಶದ ಬೆಳಕಲ್ಲಿ ಸುಮಾರು ಕಾಲು ಭಾಗ ಆ ದೀಪಗಳದ್ದೇ! ಆಟಕ್ಕೆ ಬೆಳಕು ಬೇಕು ನಿಜ, ಆದ್ರೆ ಅದು ನೆಲಕ್ಕೆ ಬೀಳ್ಬೇಕು. ಹೀಗೆ ಮೇಲಕ್ಕೆ ಚೆಲ್ಲಿದ್ರೆ ಯಾರಿಗೆ ಏನು ಉಪಯೋಗ?

ದೀಪ ಆರಿ ಇಪ್ಪತ್ತು ನಿಮಿಷಕ್ಕೆ ಬೇಲಿ ಪಕ್ಕ ಮಿಂಚುಹುಳ ಕಂಡ್ವು, ಒಂದು, ಆಮೇಲೆ ನಾಲ್ಕೈದು. ಗಂಡು ಮಿಣುಕಿ ಹೆಣ್ಣನ್ನ ಕರೆಯೋದು, ಅಷ್ಟು ಬೆಳಕಲ್ಲಿ ಆ ಕರೆ ಯಾರಿಗೆ ಕಾಣ್ಬೇಕು ಪಾಪ. ಭಾನುವಾರ ಗ್ರಾಫ್ ಪ್ರಿಂಟ್ ತಗೊಂಡು ಮೈದಾನದವರ ಹತ್ರ ಹೋಗ್ತಿದೀನಿ, ದೀಪಗಳನ್ನ ಕೆಳಕ್ಕೆ ಬಾಗಿಸಿ, ಮೇಲೊಂದು ತಗಡಿನ ಮರೆ ಹಾಕಿ ಅಂತ ಕೇಳೋಕೆ. ಒಪ್ಪಿದ್ರೆ ಮತ್ತೆ ಅಳೆದು ಹಾಕ್ತೀನಿ.