ನಾಲ್ಕು ಡಬ್ಬಿ, ಒಂದು ಉಂಗುರ

ಕ್ವಾಂಟಮ್ ಕಂಪ್ಯೂಟರ್ ಎಲ್ಲಾ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷಿಸಿ ಸರಿಯಾದದ್ದನ್ನು ಕೊಟ್ಟುಬಿಡುತ್ತದೆ ಅಂತ ಹೇಳುತ್ತಾರಲ್ಲ, ನಾನೂ ಬಹಳ ದಿನ ಹಾಗೇ ನಂಬಿದ್ದೆ. ಒಮ್ಮೆ ಕೂತು ಲೆಕ್ಕ ಮಾಡಿದೆ. ನೀವೂ ಮಾಡಿ, ಪೆನ್ಸಿಲ್ ಸಾಕು.

ನಾಲ್ಕು ಡಬ್ಬಿ. ಒಂದರಲ್ಲಿ ಉಂಗುರ. ಪ್ರತಿಯೊಂದರ ಕೆಳಗೆ ಅರ್ಧ ಅಂತ ಬರೆಯಿರಿ, ಕ್ವಾಂಟಮ್ ಕಂಪ್ಯೂಟರ್ ಪ್ರತಿ ಡಬ್ಬಿಗೂ ಇಟ್ಟುಕೊಳ್ಳುವ ಸಂಖ್ಯೆ ಅದು. ಅರ್ಧದ ವರ್ಗ ಕಾಲು, ಅದೇ ಆ ಡಬ್ಬಿ ಸಿಗುವ ಸಂಭವ. ಈಗಲೇ ಅಳೆದರೆ ಯಾವುದೋ ಒಂದು ಸಿಗುತ್ತದೆ, ಸುಮ್ನೆ ಕಣ್ಣು ಮುಚ್ಚಿ ಆರಿಸಿದ ಹಾಗೆ. ಅದಕ್ಕೇ ಮೊದಲು ಉಂಗುರ ಇರುವ ಡಬ್ಬಿಯ ಅರ್ಧವನ್ನು ಮೈನಸ್ ಅರ್ಧ ಮಾಡಬೇಕು. ಅದು ಯಾವ ಡಬ್ಬಿ ಅಂತ ನಮಗೆ ಗೊತ್ತಿರಬೇಕಿಲ್ಲ, ನಾಲ್ಕಕ್ಕೂ ಸೇರಿ ಒಂದೇ ಸಲ ಕೇಳಿದರೆ ಆಗುತ್ತದೆ. ಈಗ ಸರಾಸರಿ ಕಾಲು. ಪ್ರತಿ ಸಂಖ್ಯೆಯನ್ನೂ ಈ ಸರಾಸರಿಯಿಂದ ಎಷ್ಟು ದೂರ ಇದೆಯೋ ಅಷ್ಟೇ ದೂರ ಆಚೆ ಬದಿಗೆ ದಾಟಿಸಿ. ಮೂರು ಅರ್ಧಗಳೂ ಸೊನ್ನೆ! ಉಂಗುರದ್ದು ಒಂದು!

ಇದನ್ನು 1996ರಲ್ಲಿ ಕಂಡುಹಿಡಿದವರು ಬೆಲ್ ಲ್ಯಾಬ್ಸ್‌ನ ಲವ್ ಗ್ರೋವರ್. ಆದರೆ ಡಬ್ಬಿ 10 ಲಕ್ಷ ಆದರೆ ಸುಮಾರು 785 ಸಲ ಹೀಗೆ ಮಾಡಬೇಕು: ಒಂದೊಂದೇ ತೆರೆದು ನೋಡುವುದಕ್ಕಿಂತ ಎಷ್ಟೋ ಕಡಿಮೆ, ಆದರೂ ಒಂದೇ ಸಲಕ್ಕಲ್ಲ. ಜಾಸ್ತಿ ಮಾಡಿದರೂ ಕೆಡುತ್ತದೆ: ಎಂಟು ಡಬ್ಬಿ ಇದ್ದಾಗ ಎರಡನೇ ಸುತ್ತಿಗೆ ಉಂಗುರ ಸಿಗುವ ಸಂಭವ ನೂರಕ್ಕೆ 94 ದಾಟುತ್ತದೆ, ಮೂರನೇ ಸುತ್ತಿಗೆ 33ಕ್ಕೆ ಬೀಳುತ್ತದೆ. ಡಬ್ಬಿ ತೆರೆದು ನೋಡುವುದು ಬಿಟ್ಟು ಬೇರೆ ಸುಳಿವೇ ಇಲ್ಲದ ಹುಡುಕಾಟದಲ್ಲಿ ಕ್ವಾಂಟಮ್‌ಗೂ ಇದಕ್ಕಿಂತ ದೊಡ್ಡ ಲಾಭ ಸಾಧ್ಯವಿಲ್ಲ ಅಂತ ಸಾಬೀತಾಗಿದೆ.

ನಿಜವಾದ ಸಮಸ್ಯೆಗಳಲ್ಲಿ ಸುಳಿವು ಇರುತ್ತದೆ ಅಲ್ವಾ? ಸುಡೊಕುವಿನಲ್ಲಿ, ಕಾಲೇಜಿನ ಟೈಮ್‌ಟೇಬಲ್‌ನಲ್ಲಿ. ಆ ಸುಳಿವು ಹಿಡಿದು ಕ್ವಾಂಟಮ್ ಕಂಪ್ಯೂಟರ್ ಅವನ್ನು ಬೇಗ ಬಿಡಿಸಬಲ್ಲದೇ? ಆಗಲಿಕ್ಕಿಲ್ಲ ಅಂತ ಹೆಚ್ಚಿನವರ ಅಂದಾಜು, ಸಾಬೀತು ಯಾರ ಹತ್ತಿರವೂ ಇಲ್ಲ. 1994ರಲ್ಲಿ ಪೀಟರ್ ಶೋರ್ ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಬೇಗ ಹುಡುಕುವ ಕ್ವಾಂಟಮ್ ದಾರಿ ತೋರಿಸಿದರು, ಆದರೆ ಮಾಮೂಲಿ ಕಂಪ್ಯೂಟರಿಗೆ ಅಂಥ ದಾರಿ ಇಲ್ಲವೇ ಇಲ್ಲ ಅಂತಲೂ ಯಾರೂ ತೋರಿಸಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಕ್ವಾಂಟಮ್ ಕಂಪ್ಯೂಟರ್ ಬೇಗ ಮಾಡುವುದನ್ನೆಲ್ಲ ಮಾಮೂಲಿ ಕಂಪ್ಯೂಟರ್ ಕೂಡ ಸ್ವಲ್ಪವೇ ಮೆಮೊರಿ ಇಟ್ಟುಕೊಂಡು ಮಾಡಬಲ್ಲದು, ಎಷ್ಟು ಯುಗ ಬೇಕಾದರೂ ಹಿಡಿಯಲಿ. ಹಾಗಾಗಿ ಕ್ವಾಂಟಮ್ಮೇ ನಿಜಕ್ಕೂ ಮೇಲು ಅಂತ ಸಾಬೀತು ಮಾಡುವವರು, ಕಡಿಮೆ ಮೆಮೊರಿ ಸಾಕಾಗುವ ಲೆಕ್ಕಕ್ಕೂ ಕೆಲವೊಮ್ಮೆ ಅಪಾರ ಸಮಯ ಬೇಕೇ ಬೇಕು ಅಂತಲೂ ತೋರಿಸಿದ ಹಾಗಾಗುತ್ತದೆ. ಅದು ಎಷ್ಟೋ ದಶಕಗಳಿಂದ ಹಾಗೇ ಕೂತಿರುವ ಪ್ರಶ್ನೆ.