ಬೀಜ ಆರಿಸುವ ಶೆಡ್ಡಿಗೆ ಬೆಳಕು ಹೊಂದಿಸಿದ ದಿನ

ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವ ದಾರಿಯ ಕಾಫಿ ತೋಟವೊಂದರಲ್ಲಿ, ಹೆಂಗಸರು ಕುಳಿತು ಬೀಜ ಆರಿಸುವ ಶೆಡ್ಡಿಗೆ ಹೊಸ ಎಲ್‌ಇಡಿ ದೀಪಗಳನ್ನು ಹಾಕಿಕೊಡುವ ಕೆಲಸ ನನಗೆ ಬಂದಿತ್ತು. ಮಳೆ ಹಿಡಿಯುವ ಮೊದಲೇ ಮುಗಿಸಬೇಕೆಂದಿದ್ದರೂ ಸಾಮಾನು ಬಂದು ಸೇರುವಷ್ಟರಲ್ಲಿ ಜೂನ್ ತಿಂಗಳಾಗಿತ್ತು. ನಾನು ಹೋದ ದಿನ, ಹಿಂದಿನ ರಾತ್ರಿಯ ಗಾಳಿಗೆ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಬಿದ್ದು ಕರೆಂಟು ಹೋಗಿತ್ತು. ಜನರೇಟರಿಗೆ ಡೀಸೆಲ್ ತರಲು ಹೋದ ಜೀಪು ಮಧ್ಯಾಹ್ನದ ಮೊದಲು ಬರುವ ಹಾಗಿರಲಿಲ್ಲ. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು, “ಕರೆಂಟಿಲ್ಲದೆ ಏನು ಮಾಡುತ್ತೀರಿ ಸರ್, ನಾಳೆ ಬನ್ನಿ” ಎಂದರು. ಈ ಹೊತ್ತಿನ ಕೆಲಸಕ್ಕೆ ಕರೆಂಟು ಬೇಕಾಗಿಯೇ ಇಲ್ಲ ಎಂದು ಹೇಳಿ ನಾನು ಚೀಲದಿಂದ, ದೀಪದ ಹೊಂದಾಣಿಕೆಯ ಅಂಕಿಯನ್ನು ಬರೆಯುವ ಪ್ರೋಗ್ರಾಮರ್ ಎಂಬ ಉಪಕರಣವನ್ನು ಹೊರತೆಗೆದೆ.

ಎಲ್‌ಇಡಿ ದೀಪದಲ್ಲಿ ಬೆಳಕಿನ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ಅದರ ಮೂಲಕ ಹರಿಯುವ ವಿದ್ಯುತ್ ಪ್ರವಾಹ. ಆ ಪ್ರವಾಹವನ್ನು ಏರಿಳಿತವಿಲ್ಲದೆ ಒಂದೇ ಮಟ್ಟದಲ್ಲಿ ಕೊಡುವ ಪೆಟ್ಟಿಗೆಯೇ ಡ್ರೈವರ್. ಹಿಂದೆ ಈ ಮಟ್ಟವನ್ನು ಬದಲಿಸಬೇಕಾದರೆ ಡ್ರೈವರಿಗೆ ತಕ್ಕ ಬೆಲೆಯ ರೆಸಿಸ್ಟರನ್ನು ಸಿಕ್ಕಿಸಬೇಕಿತ್ತು, ಇಲ್ಲವೇ ಅದರ ಮೈಮೇಲಿನ ಪುಟ್ಟ ಸ್ವಿಚ್ಚುಗಳನ್ನು ಮೊಳೆಯ ತುದಿಯಿಂದ ಸರಿಸಬೇಕಿತ್ತು. ಈಗ ಅನೇಕ ಡ್ರೈವರ್‌ಗಳು ಎನ್‌ಎಫ್‌ಸಿ ಎಂಬ, ತಂತಿಯಿಲ್ಲದೆ ತೀರ ಹತ್ತಿರದಿಂದ ಮಾಹಿತಿ ಸಾಗಿಸುವ ತಂತ್ರವನ್ನು ಒಳಗೊಂಡು ಬರುತ್ತವೆ. ಮೊಬೈಲನ್ನು ಯಂತ್ರದ ಹತ್ತಿರ ಹಿಡಿದು ಹಣ ಕೊಡುವಾಗ ಕೆಲಸ ಮಾಡುವ 13.56 ಮೆಗಾಹರ್ಟ್ಸ್ ತರಂಗವೇ ಇಲ್ಲಿಯೂ ಇರುತ್ತದೆ. ಡ್ರೈವರಿನೊಳಗೆ ಒಂದು ಸಣ್ಣ ಆಂಟೆನಾ, ಅದಕ್ಕೆ ಸೇರಿದಂತೆ ಒಂದು ನೆನಪಿನ ಚಿಪ್ಪು ಇರುತ್ತವೆ. ಪ್ರೋಗ್ರಾಮರನ್ನು ಹತ್ತಿರ ತಂದಾಗ ಅದು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಆ ಚಿಪ್ಪಿಗೆ ಬೇಕಾದಷ್ಟು ಶಕ್ತಿ ದೊರೆಯುತ್ತದೆ. ಆದ್ದರಿಂದ ಯಾವ ತಂತಿಯನ್ನೂ ಜೋಡಿಸದೆ, ಪೊಟ್ಟಣದಿಂದ ತೆಗೆದ ಹೊಸ ಡ್ರೈವರಿನೊಳಗೆ ಬೇಕಾದ ಅಂಕಿಯನ್ನು ಬರೆದಿಡಬಹುದು, ಮುಂದೆ ಕರೆಂಟು ಬಂದಾಗ ಡ್ರೈವರ್ ಅದನ್ನು ಓದಿಕೊಂಡು ಅದರಂತೆ ನಡೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕೊಡಗಿನಲ್ಲಿ ಈ ಒಂದು ಗುಣಕ್ಕಾಗಿಯೇ ಈ ಉಪಕರಣಕ್ಕೆ ಕೊಟ್ಟ ಹಣ ಸಾರ್ಥಕವೆಂದು ನನಗೆ ಅನ್ನಿಸಿದೆ.

ಆ ದಿನ ನಾನು ತಂದಿದ್ದ ಡ್ರೈವರ್‌ಗಳನ್ನು 300ರಿಂದ 1050 ಮಿಲಿಆಂಪಿಯರ್‌ವರೆಗೆ ಹೊಂದಿಸಬಹುದಿತ್ತು. ಫಿಟ್ಟಿಂಗಿನೊಳಗಿನ ಎಲ್‌ಇಡಿ ಬೋರ್ಡಿನ ಮಿತಿಯಾದರೋ 700 ಮಾತ್ರ. ಕಾರ್ಖಾನೆಯಿಂದ ಬಂದ ಅಂಕಿ ಏನಿದೆಯೆಂದು ನೋಡದೆ ಜೋಡಿಸಿಬಿಟ್ಟರೆ ಬೋರ್ಡು ಕಾಯ್ದು, ಆಯುಷ್ಯ ಮುಗಿಯುವ ಮೊದಲೇ ಮಂಕಾಗುತ್ತದೆ. ಶೆಡ್ಡಿನ ಮೇಜಿಗೆ ತಗಡು ಹೊಡೆದಿದ್ದರಿಂದ, ಮತ್ತು ಲೋಹ ಹತ್ತಿರವಿದ್ದರೆ ಈ ಕಾಂತಕ್ಷೇತ್ರ ಕುಗ್ಗುವುದರಿಂದ, ಖಾಲಿ ಗೋಣಿಚೀಲಗಳ ಅಟ್ಟಿಯ ಮೇಲೆ ಡ್ರೈವರ್‌ಗಳನ್ನು ಸಾಲಾಗಿ ಹರಡಿಕೊಂಡೆ. ಪ್ರತಿಯೊಂದರ ಮೈಮೇಲೆ ಆಂಟೆನಾ ಇರುವ ಜಾಗಕ್ಕೆ ಅಲೆಯ ಗುರುತು ಅಚ್ಚಾಗಿರುತ್ತದೆ. ಅಲ್ಲಿಗೆ ಪ್ರೋಗ್ರಾಮರಿನ ಮುಖವನ್ನು ಸಮವಾಗಿ ತಾಗಿಸಿ, ಮೊದಲು ಒಳಗಿರುವುದನ್ನು ಓದಿ, ಬಳಿಕ ಹೊಸದನ್ನು ಬರೆದು, ಸರಿಯಾಗಿ ಕುಳಿತಿದೆಯೇ ಎಂದು ಮತ್ತೊಮ್ಮೆ ಓದುವುದು ನನ್ನ ಪದ್ಧತಿ. ಅವಸರವಿದ್ದರೂ ಈ ಕೊನೆಯ ಓದನ್ನು ಬಿಡಬಾರದು; ಕೈ ಒಂದಿಷ್ಟು ಬೇಗ ಸರಿದರೂ ಬರಹ ಅರ್ಧಕ್ಕೆ ನಿಲ್ಲುವ ಸಾಧ್ಯತೆ ಇರುತ್ತದೆ.

ಎಷ್ಟಕ್ಕೆ ಹೊಂದಿಸಬೇಕು ಎಂಬುದು ಮಾತ್ರ ಉಪಕರಣ ಹೇಳುವ ವಿಷಯವಲ್ಲ. ರೈಟರ ಅಭಿಪ್ರಾಯದಲ್ಲಿ ದೀಪವೆಂದಮೇಲೆ ಪೂರ್ತಿ ಉರಿಯಬೇಕು. ಆದರೆ ಆ ಶೆಡ್ಡಿನಲ್ಲಿ ದಿನವಿಡೀ ಕಣ್ಣಿಟ್ಟು ದುಡಿಯುವವರು ಹೆಂಗಸರು. ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದ ಬೀಜಗಳನ್ನು ಹಸಿರು ಛಾಯೆಯ ಒಳ್ಳೆಯ ಬೀಜದಿಂದ ಬೇರ್ಪಡಿಸುವವರು ಅವರೇ. ಅದಕ್ಕಾಗಿ ಮೂರು ಡ್ರೈವರ್‌ಗಳಿಗೆ 350, 500, 700 ಎಂದು ಬೇರೆ ಬೇರೆ ಅಂಕಿಗಳನ್ನು ಬರೆದು, ಒಂದೇ ಎತ್ತರದಲ್ಲಿ ಮೂರು ಮೇಜುಗಳ ಮೇಲೆ ದೀಪಗಳನ್ನು ತೂಗುಹಾಕಿಸಿದೆ. ಮಧ್ಯಾಹ್ನ ಡೀಸೆಲ್ ಬಂದು ಜನರೇಟರ್ ಶುರುವಾದ ಮೇಲೆ, ಅವರು ಒಂದೊಂದು ಮೇಜಿಗೂ ಸರದಿಯಂತೆ ಕುಳಿತು ಎಂದಿನ ಕೆಲಸವನ್ನೇ ಮಾಡಿದರು. ಹೊರಗೆ ಮಂಜು ಕವಿದು ಹಗಲೇ ಸಂಜೆಯಾದಂತಿದ್ದುದರಿಂದ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

ಅವರಲ್ಲಿ ಹಿರಿಯರಾದ ಅಕ್ಕ ಒಬ್ಬರು 700ರ ದೀಪದ ಕೆಳಗೆ ಕುಳಿತು ಸ್ವಲ್ಪ ಹೊತ್ತಿನಲ್ಲೇ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡರು. “ತಗಡಿನಿಂದ ಕಣ್ಣು ಕುಕ್ಕುತ್ತದೆ ಅಣ್ಣ, ಬೀಜಕ್ಕಿಂತ ಮೇಜೇ ಹೊಳೆಯುತ್ತದೆ” ಎಂದರು. 350ರ ದೀಪದ ಕೆಳಗೆ ಕಣ್ಣಿಗೆ ಹಿತವಾಗಿತ್ತು, ಆದರೆ ಹುಳದ ತೂತನ್ನು ಕಾಣಲು ಬೀಜವನ್ನು ಮುಖದ ಹತ್ತಿರಕ್ಕೆ ಎತ್ತಬೇಕಾಗುತ್ತಿತ್ತು. 500ರ ಮೇಜಿನಲ್ಲಿ ಅವರ ಬೆರಳುಗಳು ಬೀಜದ ರಾಶಿಯನ್ನು ಹರಡುತ್ತ, ಬೇಡದ್ದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತ ಎಲ್ಲಿಯೂ ತಡೆಯದೆ ಓಡಿದವು. ಉಳಿದವರೂ ಅದನ್ನೇ ಒಪ್ಪಿದರು. ಬೆಳಕನ್ನು ಅಳೆಯುವ ಲಕ್ಸ್ ಮೀಟರು ನನ್ನ ಚೀಲದಲ್ಲಿತ್ತು, ಅಳೆದು ಬರೆದುಕೊಂಡೆ ಕೂಡ. ಆದರೂ ತೀರ್ಮಾನ ಅವರದೇ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರೈಟರಿಗೆ ಲೆಕ್ಕವನ್ನೂ ಬಿಡಿಸಿ ಹೇಳಿದೆ: ಆ ಬೋರ್ಡು ಸುಮಾರು 36 ವೋಲ್ಟಿನದು, 700ಕ್ಕೆ ಇಟ್ಟರೆ 25 ವ್ಯಾಟಿನಷ್ಟು, 500ಕ್ಕೆ ಇಟ್ಟರೆ 18 ವ್ಯಾಟಿನಷ್ಟು ತೆಗೆದುಕೊಳ್ಳುತ್ತದೆ, ಅದೇ ಪ್ರಮಾಣದಲ್ಲಿ ಬೆಳಕು ತಗ್ಗುವುದೂ ಇಲ್ಲ, ಏಕೆಂದರೆ ಪ್ರವಾಹ ಕಡಿಮೆಯಾದಂತೆ ಎಲ್‌ಇಡಿ ತಂಪಾಗಿದ್ದು ಪ್ರತಿ ವ್ಯಾಟಿಗೆ ಹೆಚ್ಚು ಬೆಳಕು ಕೊಡುತ್ತದೆ. ಅವರು ತಲೆಯಾಡಿಸಿದರು. ಆಮೇಲಿನದು ಸಲೀಸು: 500 ಎಂದು ಬರೆದ ಡ್ರೈವರಿನಿಂದ ಎಲ್ಲ ಅಂಕಿಗಳನ್ನೂ ಪ್ರೋಗ್ರಾಮರಿಗೆ ಓದಿಸಿಕೊಂಡು, ಉಳಿದವುಗಳಿಗೆ ಒಂದೊಂದಾಗಿ ನಕಲು ಇಳಿಸುತ್ತ ಹೋದೆ. ಕಬ್ಬಿಣದ ಮುಚ್ಚಳ ಹಾಕಿದ ಮೇಲೆ ತರಂಗ ಒಳಗೆ ತಲುಪದ ಕಾರಣ, ಫಿಟ್ಟಿಂಗುಗಳನ್ನು ಮುಚ್ಚುವ ಮೊದಲೇ ಇದೆಲ್ಲ ಮುಗಿಯಬೇಕು.

ರೆಸಿಸ್ಟರ್ ಇದ್ದ ಕಾಲದಲ್ಲಿ ಮುಚ್ಚಳ ತೆಗೆದವರಿಗೆ ಹೊಂದಾಣಿಕೆ ಕಣ್ಣಿಗೆ ಕಾಣುತ್ತಿತ್ತು. ಈಗ ಅದು ಚಿಪ್ಪಿನೊಳಗೆ ಅಡಗಿದೆ, ಸುಟ್ಟ ಡ್ರೈವರಿನ ಜಾಗಕ್ಕೆ ತಂದ ಹೊಸದು ಕಾರ್ಖಾನೆಯ ಅಂಕಿಯನ್ನೇ ಹೊತ್ತು ಬರುತ್ತದೆ. ಆದ್ದರಿಂದ ಪ್ರತಿ ಫಿಟ್ಟಿಂಗಿನ ಒಳಮೈಗೆ “500 ಮಿಲಿಆಂಪಿಯರ್” ಎಂದು ಅಳಿಸದ ಶಾಯಿಯಲ್ಲಿ ಬರೆದು ದಿನಾಂಕ ಹಾಕಿದೆ. ಬೋರ್ಡಿನ ಮಿತಿ, ಡ್ರೈವರಿನ ಮಾದರಿ, ಹೊಂದಿಸಿದ ಅಂಕಿ, ಈ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಾಗ ರೈಟರು ಅದನ್ನು ಮಳೆಗಾಲದ ತೇವ ತಾಗದಂತೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೇರಿಸಿ ಮೇನ್ ಬೋರ್ಡಿನ ಬಾಗಿಲಿನ ಒಳಗೆ ಅಂಟಿಸಿದರು. ಹೆಚ್ಚುವರಿಯಾಗಿ ತಂದಿದ್ದ ಒಂದು ಡ್ರೈವರಿಗೂ ಅದೇ ಅಂಕಿಯನ್ನು ಬರೆದು, ಹೊರಗೆ ಚೀಟಿ ಹಚ್ಚಿ, ಅವರ ಆಫೀಸಿನ ಕಪಾಟಿನಲ್ಲಿ ಇಡಲು ಕೊಟ್ಟೆ. ಪ್ರೋಗ್ರಾಮರ್ ಇಲ್ಲದ ಎಲೆಕ್ಟ್ರಿಷಿಯನ್ ಬಂದರೂ ಅದನ್ನು ನೇರವಾಗಿ ಜೋಡಿಸಬಹುದು.